ಸಾದಾ ಡಬ್ಬಿಯಲ್ಲಿದ್ದ ಪ್ರೈಮರ್

ವೆಂಡೆಲ್,

ನೀನು ಸತ್ತು ಮೂರು ತಿಂಗಳಾಯಿತು. ಆದರೂ ನಿನ್ನನ್ನು ಬೈಯದೆ ಇರಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮಗಳು ಜೊಲೀನ್ ಕೊಟ್ಟ ಸಾಮಾನಿನಲ್ಲಿ ತೋಟೆಯ ಮದ್ದಿಗೆ ಕಿಡಿ ಕೊಡುವ ಪ್ರೈಮರ್‌ಗಳ ನಿನ್ನ ಡಬ್ಬಿಯೂ ಇತ್ತು, ಮೇಲೆ 'ಸಾದಾ' ಎಂದು ಬರೆದಿತ್ತು. ಸಾದಾದೇ ಸಾಕು ಎಂಬ ನಿನ್ನ ಮಾತು ನಂಬಿ ಇಪ್ಪತ್ತು ವರ್ಷ ಅದೇ ಜಾತಿಯದನ್ನು ತೋಟೆಯ ಬುಡಕ್ಕೆ ಕೂರಿಸಿದವನು ನಾನು. ಈ ಸಲವೂ ಕೂರಿಸಿದೆ, ಮದ್ದು ಎಂದಿನಷ್ಟೇ ತುಂಬಿದೆ. ಇವತ್ತು ಬೆಳಗ್ಗೆ ಕ್ಲಬ್ಬಿನಲ್ಲಿ ಹಿಮ ಗುಡಿಸಿ, ಮಲಗಿ, ಗುರಿಹಾಳೆಗೆ ಐದು ಗುಂಡು ಹೊಡೆದೆ. ಐದೂ ಒಂದೇ ತೂತಿನಲ್ಲಿ! ಆದರೆ ಐದನೆಯದಕ್ಕೆ ರೈಫಲ್ಲಿನ ಹಿಂಬದಿ ಮುಚ್ಚುವ ಬೋಲ್ಟ್ ಕಚ್ಚಿಕೊಂಡಿತು. ಬಡಿದು ತೆಗೆದರೆ ಪ್ರೈಮರ್ ಜಜ್ಜಿದಂತೆ ಚಪ್ಪಟೆ. ಒತ್ತಡ ಇನ್ನೊಂಚೂರು ಹೆಚ್ಚಿದ್ದರೆ ನನ್ನ ಮುಖವೇ ಇರುತ್ತಿರಲಿಲ್ಲ.

ಜೊಲೀನ್‌ಗೆ ಫೋನ್ ಮಾಡಿದೆ.

"ಅಯ್ಯೋ ರಾಯ್ಸ್ ಅಂಕಲ್, ಅದ್ರಲ್ಲಿರೋದು ಮ್ಯಾಗ್ನಮ್ಮು, ಜೋರು ಕಿಡೀದು! ಚಳೀಲಿ ಮದ್ದು ಚೆನ್ನಾಗಿ ಹೊತ್ತಿಕೊಳ್ಳುತ್ತೆ ಅಂತ ಅಪ್ಪ ಅದನ್ನೇ ಹಾಕ್ತಿದ್ದಿದ್ದು. ಪ್ರತಿ ಶನಿವಾರ ನೀವು ಬರೋ ಮುಂಚೆ, ನಿಮಗೆ ಗೊತ್ತಾಗಬಾರದು ಅಂತ, ಸಾದಾ ಡಬ್ಬಿಗೆ ಸುರಿದಿಡೋರು. 'ಅವನು ಒಂದ್ಸಲ ಗೆದ್ದ ಅಂದ್ರೆ ಮುಗೀತು, ಆಮೇಲೆ ನನ್ನ ಹತ್ರ ಯಾಕೆ ಬರ್ತಾನೆ' ಅಂತಿದ್ರು."

"ಪ್ರೈಮರ್‌ನ ಬೇರೆ ಡಬ್ಬಿಗೆ ಹಾಕೋನು ಕತ್ತೆ" ಎಂದು ಇಡೀ ಮೊಂಟಾನಾಕ್ಕೆ ಕೇಳುವಂತೆ ನನಗೆ ಬೈದವನು ನೀನೇ. ಪ್ರತಿ ಚಳಿಗಾಲವೂ ಕ್ಲಬ್ಬಿನ ಗುರಿ ಪಂದ್ಯದಲ್ಲಿ ನಿನಗೆ ಸೋತು, ನೀನು ಗೆದ್ದ ಕಪ್ಪನ್ನು ನಿನ್ನ ಟ್ರಕ್ಕಿನವರೆಗೆ ಹೊತ್ತು ತಂದವನು ನಾನು.

ಒಂದೇ ತೂತಿನ ಆ ಹಾಳೆ ಅಡುಗೆಮನೆಯ ಮೇಜಿನ ಮೇಲಿದೆ. ತೋರಿಸಲು ಯಾರೂ ಇಲ್ಲ.

ಗೆದ್ದಿದ್ದರೂ ಬರುತ್ತಿದ್ದೆನಲ್ಲೋ, ಪಾಪಿ.

ರಾಯ್ಸ್