ಸಿದ್ದಮ್ಮನಿಗೆ ಕೊಡಬೇಕಾದ ಟಾರ್ಪಾಲು

ಆಲ್ದೂರು
೧೮ ಮೇ ೨೦೨೫

ಆತ್ಮೀಯ ಧರ್ಮೇಶ್,

ನಿನ್ನ ಆಮಂತ್ರಣ ಕೈಸೇರಿ ಎರಡು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ. ಪಂಪು, ಪೈಪು ಮಾರುವ ಅಂಗಡಿಯವನಿಗೆ ಬೇಸಿಗೆಯಲ್ಲಿ ಬಿಡುವೆಲ್ಲಿ ಎಂದು ನೆಪ ಹೇಳಬಹುದಿತ್ತು. ನಿಜವೇನೆಂದರೆ ಬರೆದೆ, ಹರಿದೆ, ಮತ್ತೆ ಬರೆದೆ. ಕಾಲೇಜಿನ ಚರ್ಚಾತಂಡದಲ್ಲಿ ನಾವಿಬ್ಬರೂ ಜೋಡಿಯಾಗಿದ್ದ ಕಾಲದಲ್ಲಿ ನೀನು ಹೇಳುತ್ತಿದ್ದೆ: "ಮಲ್ಲಿ, ಸಿಟ್ಟು ಬಂದ್ರೆ ನಿನ್ನ ವಾದ ಚೆನ್ನಾಗೇ ಇರುತ್ತೆ ಮಾರಾಯ, ಆದ್ರೆ ವಾಕ್ಯ ಮುಗಿಯಲ್ಲ." ಈ ಸಲ ವಾಕ್ಯ ಮುಗಿಸಬೇಕೆಂದು ಕಾದೆ.

ಮುಂದಿನ ಭಾನುವಾರದ ಬಹುಮಾನ ವಿತರಣೆಯ ಸಭೆಗೆ ನಾನು ಬರುವುದಿಲ್ಲ. ನೀನು ಸೈಕಲ್ ಬಳಗದ ಅಧ್ಯಕ್ಷ. ಆದ್ದರಿಂದ ಕೆಳಗಿನ ಮಾತುಗಳನ್ನು ನನ್ನ ಪರವಾಗಿ ಅಲ್ಲಿ ಓದಬೇಕು. ಎಲ್ಲಿ ನಿಲ್ಲಿಸಬೇಕೆಂದು ಗೆರೆ ಎಳೆದಿದ್ದೇನೆ.

ಸಭೆಯಲ್ಲಿ ನೆರೆದಿರುವ ಎಲ್ಲರಿಗೂ ಮೊದಲು ನನ್ನ ಕೃತಜ್ಞತೆಗಳು. ಕಳೆದ ಜುಲೈಯಲ್ಲಿ ಬಾಳೆಹೊನ್ನೂರು ರಸ್ತೆಯಲ್ಲಿ ಗಾಳಿಗೆ ಉರುಳಿದ ಮರವೊಂದು ನನ್ನ ಮಗ ಶಶಿಕಿರಣನ ಮೋಟಾರ್ ಬೈಕಿನ ಮೇಲೆ ಬಿದ್ದಾಗ, ಮಳೆಯಲ್ಲಿ ನಿಂತು ಆ ಮರವನ್ನು ಕೊಯ್ದು ಅವನನ್ನು ಹೊರಗೆ ತೆಗೆದವರು ನೀವು. ಮಣ್ಣಿನವರೆಗೂ ಹೆಗಲು ಕೊಟ್ಟವರು ನೀವು. ಆ ಉಪಕಾರವನ್ನು ಉಸಿರಿರುವವರೆಗೆ ನೆನೆಯುತ್ತೇನೆ. ಆದರೆ ಅಂದಿನಿಂದ ಇಂದಿನವರೆಗೆ ನೀವು ಕೊಡುತ್ತ ಬಂದಿರುವ ಅನುಕಂಪವನ್ನು ನಾನು ಸ್ವೀಕರಿಸಲಾರೆ. ಅನುಕಂಪ ಕೆಟ್ಟದ್ದೆಂಬುದು ನನ್ನ ವಾದವಲ್ಲ. ಈ ಬೇಸಿಗೆಯುದ್ದಕ್ಕೂ ಅದು ನನ್ನ ದಾರಿಗೆ ಅಡ್ಡ ಬಂದಿತೆಂಬುದು ನನ್ನ ವಾದ.

ಐವತ್ತು ದಾಟಿದ ಮನುಷ್ಯ ಮಗನ ಸೈಕಲ್ ಏರಿ ಗುಡ್ಡಗಾಡು ರೇಸಿಗೆ ಇಳಿದದ್ದೇಕೆಂದು ನಿಮ್ಮಲ್ಲಿ ಯಾರೂ ಕೇಳಲಿಲ್ಲ. ನಿಮಗೆ ನೀವೇ ಉತ್ತರ ಕೊಟ್ಟುಕೊಂಡು ಕಣ್ಣೊರೆಸಿಕೊಂಡಿರಿ. ಕೇಳಿದವಳು ನನ್ನ ಹೆಂಡತಿ ಸರೋಜ ಒಬ್ಬಳೇ. "ಮಂಡಿ ನೋವು ಅಂತ ಅಟ್ಟದ ಮೆಟ್ಲು ಹತ್ತಲ್ಲ, ಈಗ ಗುಡ್ಡ ಹತ್ತೋಕೆ ಹೊಂಟ್ರಂತೆ" ಎಂದಳು. ಅವಳಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ. ವಾರವಿಡೀ ನನ್ನ ಜೊತೆ ಅಂಗಡಿಯಲ್ಲಿ ಪೈಪು ಅಳೆಯುತ್ತಿದ್ದ ಹುಡುಗ ಭಾನುವಾರ ಬೆಳಗಾದರೆ ಕೆಸರು ಮೆತ್ತಿಕೊಳ್ಳಲು ಓಡುತ್ತಿದ್ದ. ಅದರಲ್ಲಿ ಅವನಿಗೆ ಏನು ಸಿಗುತ್ತಿತ್ತು? ನನಗೆ ತಿಳಿಯಬೇಕಿತ್ತು. ಅಷ್ಟೇ.

ಮೂಡಿಗೆರೆಯ ರೇಸಿನಿಂದ ಆರಂಭಿಸುತ್ತೇನೆ. ಹೂಮಳೆ ಬಿದ್ದು ಕಾಫಿ ಅರಳಿತ್ತು. ಹೂವಿರುವಾಗ ತೋಟದೊಳಗೆ ಯಾರೂ ಕಾಲಿಡಬಾರದೆಂದು ಎಸ್ಟೇಟಿನವರು ಗೇಟು ಹಾಕಿದ್ದರಿಂದ ನಮ್ಮನ್ನು ಬರೀ ಕಲ್ಲಿನ ಏರುದಾರಿಗೆ ಹತ್ತಿಸಿದಿರಿ. ಅರ್ಧ ದಾರಿ ಸೈಕಲ್ಲನ್ನು ತಳ್ಳಿದೆ, ಉಳಿದರ್ಧ ಸೈಕಲ್ಲೇ ನನ್ನನ್ನು ಎಳೆದುಕೊಂಡು ಹೋಯಿತು. ನಿಯಮ ಎಲ್ಲರಿಗೂ ಗೊತ್ತು: ಕಡೆಯ ತಪಾಸಣೆ ಜಾಗಕ್ಕೆ ಗಡುವಿನೊಳಗೆ ಮುಟ್ಟದವನ ಹ್ಯಾಂಡಲ್ಲಿನಿಂದ ನಂಬರು ಫಲಕವನ್ನು ಕತ್ತರಿಸಿ ತೆಗೆಯಬೇಕು. ಅಲ್ಲಿಗೆ ಅವನ ರೇಸು ಮುಗಿಯಿತು. ನಾನು ಮುಟ್ಟಿದಾಗ ಗಡುವು ಮೀರಿತ್ತು. ಕಳಸದ ಜೀಪ್ ಡ್ರೈವರ್ ಗಿರಿ ನನಗಿಂತ ಮೊದಲೇ ಬಂದು, ಕತ್ತರಿಸಿದ ನಂಬರನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದ. ಕತ್ತರಿ ಹಿಡಿದಿದ್ದ ನಿಮ್ಮ ಅನಿಲ್ ನನ್ನನ್ನು ಕಂಡೊಡನೆ ಅದನ್ನು ಜೇಬಿಗೆ ಸೇರಿಸಿಕೊಂಡ.

"ಹೋಗಿ ಸರ್, ನಿಧಾನಕ್ಕೆ ಹೋಗಿ, ಅರ್ಜೆಂಟೇನಿಲ್ಲ."

"ಗಿರಿಯನ್ನೇಕೆ ತಡೆದಿರಿ?" ಎಂದೆ.

ಗಿರಿಯೇ ಎದ್ದು ಹೇಳಿದ: "ಬಿಡಿ ಸರ್, ನಿಮ್ದು ಬೇರೆ ವಿಷ್ಯ."

ಹೇಗೆ ಬೇರೆ? ಈ ಪ್ರಶ್ನೆಗೆ ಇಂದಿಗೂ ಯಾರಿಂದಲೂ ಉತ್ತರ ಬಂದಿಲ್ಲ. ಅಂದು ನೀವು ನನ್ನ ಕೊರಳಿಗೆ ಹಾಕಿದ ಪದಕ ಗಿರಿಗೆ ಮಾಡಿದ ಅನ್ಯಾಯ. ಅದನ್ನು ಮನೆಗೆ ತಂದ ನಾನೂ ಆ ಅನ್ಯಾಯದಲ್ಲಿ ಪಾಲುದಾರನಾದೆ.

ಸಂಸೆಯ ರೇಸಿನಲ್ಲಿ ದಾರಿ ತಪ್ಪಿದೆ. ತಪ್ಪು ನನ್ನದೇ. ಮಳೆಗಾಲಕ್ಕೆ ಮುಂಚೆ ನೆರಳಿನ ಕೊಂಬೆ ಕಡಿಸುವ ಕೆಲಸಕ್ಕಾಗಿ ಮೇಸ್ತ್ರಿ ಮರಗಳಿಗೆ ಸುಣ್ಣದ ಬೊಟ್ಟು ಇಟ್ಟಿದ್ದ. ನೀವು ರೇಸಿನ ದಾರಿಗೂ ಸುಣ್ಣದಲ್ಲೇ ಬಾಣ ಬರೆದಿದ್ದಿರಿ. ಬಾಣ ಬಿಟ್ಟು ಬೊಟ್ಟುಗಳನ್ನು ಹಿಡಿದು ಹೋದೆ. ತೋಟಗಳ ನಡುವೆ ಹುಟ್ಟಿ ಬೆಳೆದವನು, ಆ ಕೊಂಬೆ ಕಡಿಯುವ ಕತ್ತಿಗಳನ್ನೇ ಮಾರುವವನು, ಹಾಗೆ ಎಡವಿದೆ. ಮಧ್ಯಾಹ್ನ ಕಳೆದು ಮರಳಿದಾಗ ನೀವು ಪೆಂಡಾಲು ಬಿಚ್ಚದೆ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದಿರಿ. "ಮಾರ್ಕಿಂಗ್ ನಮ್ದೇ ಮಿಸ್ಟೇಕು ಸರ್" ಎಂದಿರಿ. ದಾರಿ ತಪ್ಪಿ ಎಸ್ಟೇಟೆಲ್ಲ ಸುತ್ತಿ ಬಂದವನನ್ನು ನೋಡಿ ಒಬ್ಬರಾದರೂ ನಗಬೇಡವೇ? ಬೇರೆ ಯಾರಾದರೂ ಆಗಿದ್ದರೆ ವರ್ಷವಿಡೀ ಆಡಿಕೊಳ್ಳುತ್ತಿದ್ದಿರಿ.

ಚಿಕ್ಕಮಗಳೂರಿನ ಬೆಟ್ಟದ ಕೆಳಗೆ ನಡೆದ ಮೂರನೆಯ ರೇಸಿಗೆ ನಾನು ಸಿದ್ಧನಾಗಿ ಬಂದಿದ್ದೆ. ದಿನವೂ ಅಂಗಡಿ ತೆರೆಯುವ ಮುನ್ನ ಏರಿನಲ್ಲಿ ಅಭ್ಯಾಸ ಮಾಡಿದ್ದೆ. ಒಂದೇ ಒಂದು ರೇಸನ್ನು ಗಡುವಿನೊಳಗೆ, ನಿಯಮದೊಳಗೆ, ಯಾರ ದಯೆಯೂ ಇಲ್ಲದೆ ಮುಗಿಸಬೇಕೆಂಬುದಷ್ಟೇ ನನ್ನ ಗುರಿ. ಕಡೆಯ ತಪಾಸಣೆ ಜಾಗ ಮುಟ್ಟಿದಾಗ ನನ್ನ ಗಡಿಯಾರದ ಪ್ರಕಾರ ತುಸು ತಡವಾಗಿತ್ತು. ಅನಿಲ್ ತನ್ನ ಗಡಿಯಾರದ ಮೇಲೆ ಅಂಗೈ ಮುಚ್ಚಿಕೊಂಡು, "ಟೈಮಿದೆ ಸರ್, ಇನ್ನೂ ಟೈಮಿದೆ, ಹೊಡೀರಿ" ಎಂದ. ಕೈ ತೆಗೆಯಲು ಹೇಳಿದೆ. ತೆಗೆಯಲಿಲ್ಲ. ಕತ್ತರಿ ಕೇಳಿದೆ. "ಬೇಡ ಸರ್, ನನ್ ಕೈಲಿ ಇದೆಲ್ಲ ಮಾಡಿಸ್ಬೇಡಿ" ಎಂದ. ಅಂಗಡಿಯ ಕಟರ್ ನನ್ನ ಜೇಬಿನಲ್ಲೇ ಇತ್ತು. ನನ್ನ ನಂಬರನ್ನು ನಾನೇ ಕತ್ತರಿಸಿಕೊಂಡು ಸೈಕಲ್ ತಳ್ಳುತ್ತ ಇಳಿದು ಬಂದೆ.

ಆ ಫಲಕವೂ ಪದಕವೂ ಈ ಲಕೋಟೆಯಲ್ಲಿವೆ. ಮೂರೂ ರೇಸುಗಳಲ್ಲಿ ನನ್ನ ಹೆಸರಿನ ಮುಂದೆ 'ಪೂರೈಸಲಿಲ್ಲ' ಎಂದು ಬರೆಯಿರಿ. ಮೂಡಿಗೆರೆಯ ಪದಕವನ್ನು ಗಿರಿಗೆ ಕೊಡಬೇಡಿ, ಅವನೂ ಪೂರೈಸಿಲ್ಲ. ಕರಗಿಸಿ.

ಕೊನೆಯದಾಗಿ, ಆಮಂತ್ರಣದಲ್ಲಿ ಅಚ್ಚಾಗಿರುವ ಶಶಿಕಿರಣ್ ಸ್ಮಾರಕ ಪಾರಿತೋಷಕದ ವಿಷಯ. ಅತಿವೇಗದ ಸವಾರನಿಗೆ ಅದನ್ನು ಕೊಡುವಿರಂತೆ. 'ನಮ್ಮ ಗುಡ್ಡಗಳ ದೊರೆ' ಎಂದು ಅವನ ಚಿತ್ರದ ಕೆಳಗೆ ಬರೆಸಿದ್ದೀರಿ. ಆ ಹೆಸರಿನ ಪಾರಿತೋಷಕ ಬೇಡ. ಇದು ಕೋರಿಕೆಯಲ್ಲ. ಮುಂದಿನ ಬೇಸಿಗೆಯಲ್ಲೂ ನಾನು ಸ್ಪರ್ಧಿಸುತ್ತೇನೆ. ತಡವಾದರೆ ತಡೆಯಿರಿ, ದಾರಿ ತಪ್ಪಿದರೆ ನಗಿರಿ. ಎಲ್ಲರಿಗೂ ಶರಣು.

———

ಧರ್ಮೇಶ್, ಇಲ್ಲಿಗೆ ಓದುವುದನ್ನು ನಿಲ್ಲಿಸು. ಮುಂದಿನದು ನಿನಗೆ ಮಾತ್ರ.

ಪಾರಿತೋಷಕ ಬೇಡವೆಂದದ್ದಕ್ಕೆ ಕಾರಣ ಕೊಡಲಿಲ್ಲವೆಂದು ನೀನು ಆಕ್ಷೇಪಿಸುವೆ. ನ್ಯಾಯವಾದ ಆಕ್ಷೇಪ. ಸಂಸೆಯಲ್ಲಿ ಆ ಸುಣ್ಣದ ಬೊಟ್ಟುಗಳ ಜಾಡು ಹಿಡಿದು ಹೋದವನು ಕೊನೆಗೆ ಒಂದು ಮನೆಯಂಗಳಕ್ಕೆ ಬಂದು ನಿಂತೆ. ಅಂಗಳದ ತುಂಬ ಕಾಳುಮೆಣಸು ಹರಡಿತ್ತು. ಎಸ್ಟೇಟಿನಲ್ಲಿ ದುಡಿದು ಈಗ ತನ್ನ ತುಂಡು ಜಮೀನು ನೋಡಿಕೊಂಡಿರುವ ಸಿದ್ದಮ್ಮನೆಂಬ ಮುದುಕಿ ಪೊರಕೆ ಎತ್ತಿಕೊಂಡೇ ಬಂದರು.

"ಅಲ್ಲೇ ನಿಲ್ರೀ! ಒಂದ್ ಹೆಜ್ಜೆ ಮುಂದೆ ಇಟ್ರೆ ನೋಡಿ ಮತ್ತೆ! ಈ ಸೈಕಲ್ಲು… ಹಳದಿ ಟೇಪು… ಇದು ಆ ಹುಡ್ಗುಂದಲ್ವ? ನಿಮ್ಗೆ ಹೆಂಗೆ ಸಿಕ್ತು?"

ಹ್ಯಾಂಡಲ್ಲಿಗೆ ನಮ್ಮ ಅಂಗಡಿಯ ಹಳದಿ ಟೇಪನ್ನು ಸುತ್ತಿದವನು ಶಶಿ. ನಾನು ಅವನ ತಂದೆ ಎಂದೆ. ಪೊರಕೆ ಇಳಿಯಿತು, ಬಾಯಿ ಏರಿತು.

"ನೀವೇನಾ ಆ ಅಪ್ಪ! ಹೋದ್ ಬ್ಯಾಸ್ಗೇಲಿ ಇದೇ ದಾರೀಲಿ ಬಂದ ನೋಡಿ ನಿಮ್ ಮಗ. ಮೇಸ್ತ್ರಿ ಇಟ್ಟ ಬೊಟ್ಟು ನೋಡ್ಕಂಡು ಬಂದ್ನಂತೆ. ಬ್ರೇಕೂ ಇಲ್ಲ ಎಂತದೂ ಇಲ್ಲ, ಸೀದಾ ಮೆಣಸಿನ್ ಮೇಲೆ! ಟಾರ್ಪಾಲು ಈ ತುದಿಯಿಂದ ಆ ತುದೀಗೆ ಹರ್ದೋಯ್ತು. ಮೆಣಸೆಲ್ಲ ಚರಂಡಿಗೆ. ಬಯ್ದೆ ನೋಡಿ, ನಮ್ಮನೆ ನಾಯೀನೂ ಒಳಗ್ ಹೋಯ್ತು. ಅವ್ನು ನಗ್ತಾನೆ!"

"ಆಮೇಲೆ?" ಎಂದೆ.

"ಆಮೇಲೆಂತ, ಕೂತ್ಕಂಡು ಒಂದೊಂದೇ ಕಾಳು ಹೆಕ್ಕಿಕೊಟ್ಟ. ಕಾಫಿ ಕೊಟ್ಟೆ. 'ಅಲ್ವಾ, ರೇಸು ಅಂದ್ರೆ ಓಡದಲ್ವ, ನೀನೆಂತಕ್ಕೆ ಇಲ್ಲಿ ಕೂತಿದ್ದಿ' ಅಂದ್ರೆ, 'ಗೆಲ್ಲೋರು ಆಗ್ಲೇ ಗೆದ್ದಿರ್ತಾರೆ ಅಜ್ಜಿ, ನಂಗೆ ಇನ್ನೊಂದ್ ಲೋಟ ಕೊಡಿ' ಅಂತಾನೆ. ಹೊಸ ಟಾರ್ಪಾಲು ತಂದ್ಕೊಡ್ತೀನಿ, ನಮ್ಮಪ್ಪನ ಅಂಗಡೀಲಿ ರಾಶಿ ಬಿದ್ದಿದೆ ಅಂದ. 'ಆದ್ರೆ ಅಪ್ಪನ ಹತ್ರ ಒಂದು ಟಾರ್ಪಾಲು ತಗೊಳ್ಳೋಕೆ ಮೊದ್ಲು ವಾದದಲ್ಲಿ ಗೆಲ್ಬೇಕು, ಅದೇ ದೊಡ್ ರೇಸು' ಅಂದ. ಸುಳ್ಳ! ಒಂದ್ ವರ್ಷ ಆಯ್ತು, ಪತ್ತೆ ಇಲ್ಲ!"

ಅಂಗಳದ ಅಂಚಿನಲ್ಲಿ, ಅವನು ಕೂತಿದ್ದೆಂದು ಅವರು ತೋರಿಸಿದ ಜಗಲಿಯ ಮೇಲೆ, ನಾನೂ ಕೂತೆ. ನನಗೂ ಕಾಫಿ ಬಂತು. ಅವನಿಗೆ ಅಲ್ಲಿ ಏನು ಸಿಗುತ್ತಿತ್ತೆಂಬ ಪ್ರಶ್ನೆಗೆ ಬೇಸಿಗೆಯಲ್ಲಿ ದೊರೆತ ಉತ್ತರ ಅದೊಂದೇ. ರೇಸು ಮರೆತುಹೋಗಿತ್ತು.

ಮರಳಿ ಬಂದು ಅನಿಲನನ್ನು ಪಕ್ಕಕ್ಕೆ ಕರೆದು ಕೇಳಿದೆ: "ಹೋದ ವರ್ಷ ಇಲ್ಲಿ ಶಶಿ ಎಷ್ಟನೆಯವನಾಗಿ ಬಂದ?" ಅವನು ನೆಲ ನೋಡಿದ. "ಲಾಸ್ಟು ಸರ್. ನಾವು ಊಟ ಮುಗ್ಸಿದ್ ಮೇಲೆ ಬಂದ. ಎಲ್ರೂ ಸಿಕ್ಕಾಪಟ್ಟೆ ಕಾಡಿಸಿದ್ವಿ." ಹಾಗಾದರೆ ಶೋಕಸಭೆಯಲ್ಲಿ ಅವನನ್ನು ಚಾಂಪಿಯನ್ ಎಂದದ್ದೇಕೆ ಎಂದು ಕೇಳಿದರೆ, "ಹೋದೋರ ಬಗ್ಗೆ ಹಂಗೆಲ್ಲ ಹೆಂಗ್ ಹೇಳೋದು ಸರ್?" ಎಂದ.

ಇದೇ ನನ್ನ ತಕರಾರು, ಧರ್ಮೇಶ್. ಕೊನೆಯವನಾಗಿ ಬಂದು, ಬೈಸಿಕೊಂಡು, ನಕ್ಕು, ಎರಡನೆಯ ಲೋಟ ಕಾಫಿ ಕೇಳಿದ ಹುಡುಗ ನನ್ನ ಮಗ. ನಿಮ್ಮ ಆಮಂತ್ರಣದ ಮೇಲಿರುವ ದೊರೆಯನ್ನು ನಾನು ಎತ್ತಿ ಆಡಿಸಿದ್ದಿಲ್ಲ. ಮರ ಒಮ್ಮೆ ಅವನನ್ನು ಒಯ್ದಿತು. ಉಳಿದದ್ದನ್ನು ನೀವು ಹೊಗಳಿ ಹೊಗಳಿ ಒಯ್ಯುತ್ತಿದ್ದೀರಿ.

ನಿನ್ನ ಮಗಳು ಸುಪ್ರಿಯಾ ಈ ಸಲ ಚೆನ್ನಾಗಿ ಓಡಿಸಿದಳು. ಅವಳಿಗೆ ನನ್ನ ಆಶೀರ್ವಾದ. ತಿರುವಿನೊಳಗೆ ಹೋದಮೇಲೆ ಬ್ರೇಕು ಹಿಡಿಯುತ್ತಾಳೆ. ಮೊದಲೇ ಹಿಡಿಯಲು ಹೇಳು. ಶಿವ ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ,
ಮಲ್ಲಿಕಾರ್ಜುನಪ್ಪ

ಮರೆತಿದ್ದ ಮಾತು: ಹೊರಡುವಾಗ ಸಿದ್ದಮ್ಮ ಕೇಳಿದರು, "ಎಲ್ಲಿದಾನೆ ಈಗ ಆ ಸುಳ್ಳ? ಅವನ್ನೇ ಕಳ್ಸಿ, ನಿಮ್ಗೆ ಬಯ್ದು ನಂಗೆಂತ ಸುಖ?" ಅವರಿಗೆ ಸುದ್ದಿ ಮುಟ್ಟಿಲ್ಲ. ಹೇಳಲು ಬಾಯಿ ತೆರೆದೆ. ಹೇಳಿದ್ದರೆ ಅವರೂ ಅಳುತ್ತಿದ್ದರು, ಅವರ ಬಾಯಲ್ಲೂ ಅವನು ಒಳ್ಳೆಯವನಾಗಿಬಿಡುತ್ತಿದ್ದ. ಈ ಜಿಲ್ಲೆಯಲ್ಲಿ ನನ್ನ ಮಗನ ಮೇಲೆ ಇನ್ನೂ ಸಿಟ್ಟಿಟ್ಟುಕೊಂಡು, ಅವನು ಬರುತ್ತಾನೆಂದು ದಾರಿ ಕಾಯುತ್ತಿರುವವರು ಅವರೊಬ್ಬರೇ. "ಕಳಿಸ್ತೀನಿ" ಎಂದುಬಿಟ್ಟೆ. ಸತ್ಯಕ್ಕಾಗಿ ಮೇಲೆ ಇಷ್ಟುದ್ದ ವಾದಿಸಿದವನ ಕಥೆ ಇದು, ಬೇಕಾದರೆ ಖಂಡಿಸು. ಅಂಗಡಿಯಲ್ಲಿರುವುದರಲ್ಲಿ ಗಟ್ಟಿಯಾದ ಟಾರ್ಪಾಲನ್ನು ಕಟ್ಟಿಟ್ಟಿದ್ದೇನೆ. ಮಳೆ ಹಿಡಿಯುವ ಮೊದಲು ಸಂಸೆಗೆ ನಾನೇ ಒಯ್ಯುತ್ತೇನೆ. ಮಗ ಎಲ್ಲಿ ಎಂದು ಕೇಳಿದರೆ, ಸೋಮಾರಿ, ಬೈಗುಳಕ್ಕೆ ಹೆದರಿ ನನ್ನನ್ನು ಕಳಿಸಿದ ಎನ್ನುತ್ತೇನೆ. ಸರೋಜಳಿಗೂ ಹೇಳಿಲ್ಲ. ನನ್ನೊಬ್ಬನದೇ ತೀರ್ಮಾನ. ಅವರು ಅವನನ್ನು ಇನ್ನೊಂದು ವರ್ಷ ಬಯ್ಯಲಿ.