ವಾಣಿಶ್ರೀಯ ತಪ್ಪು ಹೇಳಿರಿ

ಶಿಗ್ಗಾಂವ

ಯಶೋಧರಾ ಅವರಿಗೆ ಶರಣು.

ನಿಮ್ಮ ಕೈಕೆಳಗೆ ಮೊಬೈಲ್ ಆ್ಯಪ್‌ಗಳ ವಿನ್ಯಾಸ ಮಾಡುವ ವಾಣಿಶ್ರೀ ನನ್ನ ಸೊಸೆ. ನನ್ನ ಮಗ ತೀರಿಹೋದ ಮೇಲೆ ಅವಳು ಏನು ಮಾಡಿ ತೋರಿಸಿದರೂ ನೀವೆಲ್ಲ ಚೆನ್ನಾಗಿದೆ ಎನ್ನುತ್ತೀರಂತೆ. "ಅತ್ತಿ, ನನ್ನ ಕೆಲಸಾನ ಯಾರೂ ನೋಡವಲ್ರು, ನನ್ನ ಬರೀ ಹಣಿ ನೋಡಾಕತ್ತಾರ" ಎಂದು ನೌಕರಿ ಬಿಡಲು ಹೊರಟಿದ್ದಾಳೆ.

ನಿನ್ನೆ ಬಸ್ ಟಿಕೆಟ್ಟಿನ ಆ್ಯಪ್ ತೋರಿಸಿದಳು. ನಾನು ಊರಿನ ಹೆಸರು ತಪ್ಪಿ ಒತ್ತಿದೆ. ಹಿಂದಕ್ಕೆ ಬರುವ ದಾರಿಯೇ ಸಿಗಲಿಲ್ಲ. "ಸವಣೂರಿಗೆ ಹೊಂಟಾಕಿನ್ನ ಹಾನಗಲ್ಲಿಗೆ ಒಯ್ದು ಒಗೀತೈತಲ್ಲ ನಿನ್ನ ಆ್ಯಪ್!" ಎಂದೆ. ಎಷ್ಟೋ ತಿಂಗಳ ಮೇಲೆ ನಕ್ಕಳು. ಆಮೇಲೆ ತಿದ್ದಲು ಕುಳಿತಳು.

ನಮ್ಮ ಮನೆಯವರಿಗೆ ಕನಿಕರದ ಹೊಗಳಿಕೆ ಬೇಡ. ತಪ್ಪಿದ್ದಲ್ಲಿ ತಪ್ಪೆನ್ನಿರಿ. ಅತ್ತಾಳೆಂದು ಅಂಜಬೇಡಿರಿ. ಅತ್ತರೆ ಸಮಾಧಾನ ಮಾಡಲು ಮನೆಯಲ್ಲಿ ನಾನಿದ್ದೇನೆ.

ದಾನವ್ವ