ಕಾಗದದ ಲೋಟದಲ್ಲಿ ರೇಷ್ಮೆಹುಳ

ಅಮ್ಮಾ,

ಇವತ್ತು ಹಾಸ್ಟೆಲಿನಲ್ಲಿ ರೂಬಿಯ ಜೊತೆ ಒಂದು ಕೊರಿಯನ್ ಸಿನಿಮಾ ನೋಡಿದೆ. ಅದರಲ್ಲಿ ತಾಯಿಯೊಬ್ಬಳು ತಳ್ಳುಗಾಡಿಯಿಂದ ಬೇಯಿಸಿದ ರೇಷ್ಮೆಹುಳ ಕೊಂಡು, ಕಾಗದದ ಲೋಟದಿಂದ ಒಂದೊಂದೇ ತೆಗೆದು ಮಗಳ ಬಾಯಿಗಿಡುತ್ತಾಳೆ. ಮಗಳು ಇನ್ನೂ ಬೇಕು ಎನ್ನುತ್ತಾಳೆ. ಅವಳನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

ಶಿಡ್ಲಘಟ್ಟದಲ್ಲಿ ಇಪ್ಪತ್ತು ವರ್ಷ ನೀನು ಬಿಸಿನೀರಿಗೆ ಗೂಡು ಹಾಕಿ, ನೂಲು ತೆಗೆದು, ಆಚೆ ಎಸೆಯುತ್ತಿದ್ದ ಹುಳವೇ ಅದು. ಅದರ ವಾಸನೆ ನಿನ್ನ ಕೈಗೂ ಅಂಟಿದೆ ಎಂದು ನಾನು ನಿನ್ನ ಕೈತುತ್ತು ಬಿಟ್ಟು ಚಮಚ ಕೇಳಿದ್ದೆ.

“ಸೋಪು ಹಾಕಿ ತೊಳ್ದಿದೀನಿ ಕಣಮ್ಮ,” ಎಂದಿದ್ದೆ ನೀನು.

ರೂಬಿ ಮುಖ ಸಿಂಡರಿಸಿ, “ಅದೇನೇ ಅವ್ಳು ತಿಂತಿರೋದು?” ಎಂದಳು.

ನೀನು ಸತ್ತು ಎರಡು ವರ್ಷವಾಯಿತು. ಈಗಲೂ ನಾನು, “ಗೊತ್ತಿಲ್ಲ ಕಣೇ,” ಎಂದೆ.